ಕೋಗಿಲು ಕೆರೆಯ ಆಯ್ಸ್ಟರು

ಭಾನುವಾರದ ದಿನ ಮನೆಯ ಸೌಟು ಯಾರ ಕೈಯಲ್ಲಿರಬೇಕು ಎಂಬ ಗಹನವಾದ ಪ್ರಶ್ನೆ ಸಾವಿರದ ಒಂಬೈನೂರ ಐವತ್ತೊಂಬತ್ತನೇ ಇಸವಿಯ ಜನವರಿಯಲ್ಲಿ ಕೋಗಿಲು ಗ್ರಾಮದ ಮುನಿರಾಮಯ್ಯನ ಮನೆಯಲ್ಲಿ ವಿಚಾರಣೆಗೆ ಬಂತು. ದೇಶದಲ್ಲಿ ರಾಜ್ಯಗಳ ಗಡಿಗಳನ್ನೆಲ್ಲ ಹೊಸದಾಗಿ ಎಳೆದು ಆಗ ಎರಡು ವರ್ಷ ಚಿಲ್ಲರೆಯಾಗಿತ್ತು. ಅದಕ್ಕೆ ಆಯೋಗ ಕೂತಿತ್ತು, ವರದಿ ಬಂದಿತ್ತು, ಅಲ್ಲಲ್ಲಿ ಕಲ್ಲು ತೂರಾಟವೂ ಆಗಿತ್ತು. ಮುನಿರಾಮಯ್ಯನ ಅಡಿಗೆಮನೆಯ ಹೊಸ್ತಿಲು ಅದಕ್ಕಿಂತ ಹಳೆಯ ಗಡಿ, ಅದಕ್ಕಿಂತ ಬಿಗಿಯಾದದ್ದು. ಆದರೆ ಅದರ ಬಗ್ಗೆ ಅದುವರೆಗೆ ಯಾರೂ ಕೂತು ಮಾತಾಡಿರಲಿಲ್ಲ.

ಮುನಿರಾಮಯ್ಯನಿಗೆ ಐವತ್ತೆಂಟು. ಅದರಲ್ಲಿ ಮೂವತ್ತೊಂದು ವರ್ಷ ಅವನು ಹೆಬ್ಬಾಳದ ಹಾರ್ಗ್ರೀವ್ಸ್ ದೊರೆಯ ಬಂಗಲೆಯಲ್ಲಿ ಅಡಿಗೆಯವನಾಗಿದ್ದ. ದೊರೆ ತೀರಿಕೊಂಡರು, ದೊರೆಸಾನಿ ಒಬ್ಬರೇ ಕೆಲವು ವರ್ಷ ಗುಲಾಬಿ ಗಿಡಗಳಿಗೆ ಬೈದುಕೊಂಡು ಇದ್ದರು, ಐವತ್ತೇಳರಲ್ಲಿ ಬಂಗಲೆ ಮಾರಿ, ಎರಡು ನಾಯಿಗಳನ್ನು ಯಾರಿಗೋ ಕೊಟ್ಟು, ಮುನಿರಾಮಯ್ಯನಿಗೆ ಒಂದು ಚೀಟಿಯನ್ನೂ ಒಂದು ಅಗಲವಾದ ತಗಡಿನ ಟ್ರೇಯನ್ನೂ ಕೊಟ್ಟು ಹಡಗು ಹತ್ತಿದರು. ಮುನಿರಾಮಯ್ಯ ಟ್ರೇಯನ್ನು ತಲೆಯ ಮೇಲೆ ಹೊತ್ತು ಬಳ್ಳಾರಿ ರಸ್ತೆಯಲ್ಲಿ ನಡೆದು ಊರಿಗೆ ಬಂದ. ಆಗ ಆ ರಸ್ತೆಯಲ್ಲಿ ಒಂದು ಕಾರು ಹೋದರೆ ಹೊಲದವರು ತಲೆ ಎತ್ತಿ ಅದು ಯಾರ ಕಾರು ಎಂದು ಹೇಳಬಲ್ಲವರಾಗಿದ್ದರು. ಎರಡೂ ಬದಿಗೆ ದ್ರಾಕ್ಷಿ ಚಪ್ಪರ, ಸೀಬೆ ತೋಟ, ಅವುಗಳಾಚೆ ತಣಿಸಂದ್ರದವರೆಗೂ ರಾಗಿ ಮತ್ತು ಅವರೆ. ನಡೆಯುತ್ತ ಅವನು ಒಂದೇ ವಿಷಯ ಯೋಚಿಸಿದ್ದ. ಇನ್ನು ಮೇಲೆ ಮನೆಯವರಿಗೆ ಅಡಿಗೆ ಮಾಡಬಹುದು.

ಹಾಗಾಗಲಿಲ್ಲ. ಬಂದ ಮಾರನೆಯ ದಿನವೇ ಅವನು ಒಲೆಯ ಮುಂದೆ ಕುಕ್ಕರಗಾಲಿನಲ್ಲಿ ಕೂತದ್ದನ್ನು ಕಂಡು ಹೆಂಡತಿ ಸೊಣ್ಣಮ್ಮ ಕೈಯಲ್ಲಿದ್ದ ಬಿಂದಿಗೆಯನ್ನು ಇಳಿಸಲೇ ಇಲ್ಲ.

"ಏಳು ಮ್ಯಾಕೆ."

"ಯಾಕೆ? ಒಂದ್ ಸಾರು ಮಾಡ್ತೀನಿ ತಡಿ."

"ಗಂಡಸು ಒಲೆ ಮುಂದೆ ಕುಂತವ್ನೆ ಅಂದ್ರೆ ನಂಗೇನೋ ಕಾಯ್ಲೆ ಬಂದೈತೆ ಅಂತ ಊರ್ ಎಂಗಸ್ರೆಲ್ಲ ನೋಡೋಕ್ ಬತ್ತಾರೆ. ಬಂದೋರ್ಗೆ ಕಾಪಿ ಯಾರ್ ಕಾಸೋದು? ಏಳು."

ಅದು ನಿಜವೂ ಆಗಿತ್ತು. ಕೋಗಿಲಿನಲ್ಲಿ ಗಂಡಸು ಒಲೆ ಹಚ್ಚುತ್ತಿದ್ದುದು ಮನೆಯ ಹೆಂಗಸು ಹಾಸಿಗೆ ಹಿಡಿದಾಗ ಮಾತ್ರ. ಮೂವತ್ತೊಂದು ವರ್ಷ ಹೆಬ್ಬಾಳದಲ್ಲಿ ಮಾಡಿದ್ದು ಉದ್ಯೋಗ. ಕೋಗಿಲಿನಲ್ಲಿ ಅದನ್ನೇ ಮಾಡಿದರೆ ಅವಮಾನ. ಹೀಗಾಗಿ ಮುನಿರಾಮಯ್ಯ ಎರಡು ವರ್ಷ ಜಗಲಿಯ ಮೇಲೆ ಕೂತ. ಸಂಕ್ರಾಂತಿಯ ಹೊತ್ತಿಗೆ ಅವನಿಗೆ ಅವರೆಕಾಯಿ ಸುಲಿಯಲು ಕೊಡುತ್ತಿದ್ದರು. ಅವರೆಕಾಯಿ ಸುಲಿಯುವುದು ಅಡಿಗೆಯಲ್ಲ, ಜಪ. ಕೈ ತನ್ನಷ್ಟಕ್ಕೆ ಓಡುತ್ತಿತ್ತು, ಮನಸ್ಸು ಹೆಬ್ಬಾಳಕ್ಕೆ ಹೋಗುತ್ತಿತ್ತು.

ಹೋದಾಗೆಲ್ಲ ಅದು ಹೋಗಿ ನಿಲ್ಲುತ್ತಿದ್ದದ್ದು ಒಂದೇ ಕಡೆ: ಕ್ರಿಸ್‌ಮಸ್ ವಾರದ ಆಯ್ಸ್ಟರಿನ ಸಂಜೆ. ಮದರಾಸಿನಿಂದ ಮೇಲ್ ಗಾಡಿಯಲ್ಲಿ ಗೋಣಿಚೀಲ ಬರುತ್ತಿತ್ತು. ಒಳಗೆ ಐಸು, ಮರದ ಹೊಟ್ಟು, ಹೊಟ್ಟಿನ ಮಧ್ಯೆ ಆಯ್ಸ್ಟರು ಎಂಬ ಒರಟೊರಟಾದ ಸಮುದ್ರದ ಚಿಪ್ಪುಗಳು. ಮುನಿರಾಮಯ್ಯ ಜಟಕಾದಲ್ಲಿ ದಂಡು ಸ್ಟೇಷನ್ನಿಗೆ ಹೋಗಿ ಅದನ್ನು ಮಡಿಲಲ್ಲಿ ಮಗುವಿನ ಹಾಗೆ ಇಟ್ಟುಕೊಂಡು ತರುತ್ತಿದ್ದ. ಮೊಂಡು ಚಾಕುವಿನಿಂದ ಬಾಯಿ ಬಿಡಿಸಬೇಕು. ಒಳಗಿನ ನೀರು ಚೆಲ್ಲಬಾರದು. ತೋಟದ ಸೊಪ್ಪನ್ನು ಬೆಣ್ಣೆಯಲ್ಲಿ ಬಾಡಿಸಿ, ಸೋಂಪಿನ ವಾಸನೆಯ ಯಾವುದೋ ಹಸಿರು ಸಾರಾಯಿಯನ್ನು ಎರಡು ಚಮಚ ಹಾಕಿ, ಒಣ ಬ್ರೆಡ್ಡಿನ ಪುಡಿ ಕಲಸಿ, ಒಂದೊಂದು ಚಿಪ್ಪಿನ ಮೇಲೂ ಗುಬ್ಬಿಗೂಡಿನಷ್ಟು ಇಡಬೇಕು. ಟ್ರೇಯಲ್ಲಿ ಎರಡು ಸೇರು ಕಲ್ಲುಪ್ಪು ಹರಡಿ, ಚಿಪ್ಪುಗಳು ಅಲ್ಲಾಡದ ಹಾಗೆ ಅದರಲ್ಲಿ ಊರಿ, ಕಬ್ಬಿಣದ ಒಲೆಗೆ ತಳ್ಳಬೇಕು. ಮೇಲಿನ ಪುಡಿ ಕಂದು ಬೆಕ್ಕಿನ ಬೆನ್ನಿನ ಬಣ್ಣಕ್ಕೆ ತಿರುಗಿದಾಗ ತೆಗೆಯಬೇಕು. ಒಮ್ಮೆ ದೊರೆ ಊಟದ ಮಧ್ಯೆ ಎದ್ದು, ಕರವಸ್ತ್ರ ಕತ್ತಿನಲ್ಲಿದ್ದ ಹಾಗೆಯೇ ಅಡಿಗೆಮನೆಗೆ ಬಂದು, ಮುನಿರಾಮಯ್ಯನ ಕೈ ಕುಲುಕಿದ್ದರು. ಸೊಪ್ಪು ಮೆತ್ತಿದ ಕೈ. ಆ ಕಥೆ ಕೋಗಿಲಿನಲ್ಲಿ ಎಲ್ಲರಿಗೂ ಬಾಯಿಪಾಠವಾಗಿತ್ತು.

ಕಥೆಯಲ್ಲಿ ಅವನು ಸಾಮಾನ್ಯವಾಗಿ ಬಿಡುತ್ತಿದ್ದ ಒಂದು ಅಂಶವಿದೆ. ಆ ಪದಾರ್ಥವನ್ನು ಅವನು ಒಂದು ಸಲವೂ ತಿಂದಿರಲಿಲ್ಲ. ಆಯ್ಸ್ಟರು ಮಾತ್ರವಲ್ಲ, ಆ ಬಂಗಲೆಯ ಒಲೆಯ ಮೇಲೆ ಬೆಂದ ಏನನ್ನೂ ತಿಂದಿರಲಿಲ್ಲ. ಕೆಲಸಕ್ಕೆ ಸೇರುವ ಹಿಂದಿನ ದಿನ ತಾಯಿ ಲಕ್ಕಮ್ಮ ಅವನನ್ನು ಮುನೇಶ್ವರನ ಕಲ್ಲಿನ ಮುಂದೆ ನಿಲ್ಲಿಸಿ, ಏನು ಬೇಕಾದರೂ ಬೇಯಿಸು, ದೊರೆ ಒಲೇದು ಬಾಯಿಗೆ ಹಾಕಬೇಡ ಎಂದು ಆಣೆ ಮಾಡಿಸಿದ್ದಳು. ಅಲ್ಲಿ ದನವೂ ಬೇಯುತ್ತದೆ, ಹಂದಿಯೂ ಬೇಯುತ್ತದೆ, ಒಂದೇ ಸೌಟು ಎಲ್ಲದಕ್ಕೂ ಓಡಾಡುತ್ತದೆ ಎಂದು ಅವಳು ಕೇಳಿದ್ದಳು. ಮುನಿರಾಮಯ್ಯ ಮೂವತ್ತೊಂದು ವರ್ಷ ಔಟ್‌ಹೌಸಿನ ಹಿಂದೆ ಮೂರು ಕಲ್ಲಿಟ್ಟು ತನ್ನ ಮುದ್ದೆ ತಾನು ತೊಳಸಿಕೊಂಡು ಉಂಡ. ದೊರೆಗಳ ಅಡಿಗೆಯನ್ನು ಅವನು ಮೂಗಿನಿಂದ, ಕಣ್ಣಿನಿಂದ, ಎಲ್ಲಕ್ಕಿಂತ ಹೆಚ್ಚಾಗಿ ಖಾಲಿಯಾಗಿ ವಾಪಸು ಬಂದ ತಟ್ಟೆಗಳಿಂದ ಅಳೆಯುತ್ತಿದ್ದ. ರುಚಿ ನೋಡುವ ನೆಪದಲ್ಲಿ ಅರ್ಧ ಕೋಳಿ ತಿನ್ನುವ ಅಡಿಗೆಯವರ ಊರಿನಲ್ಲಿ ಅವನ ಪ್ರಾಮಾಣಿಕತೆಗೆ ದೊಡ್ಡ ಹೆಸರಿತ್ತು.

ಆ ಜನವರಿಯ ಒಂದು ಬುಧವಾರ ಅವನು ಸೊಣ್ಣಮ್ಮ ಹಿತ್ತಲಿಗೆ ಹೋದಾಗ ಸಾರಿನ ಮುಚ್ಚಳ ತೆಗೆದು ಒಂದು ಉಂಡೆ ಬೆಣ್ಣೆ ಹಾಕಿದ. ಅವಳು ಬಂದು ಸಾರಿನ ಮೇಲೆ ತೇಲುವ ಹಳದಿಯನ್ನು ನೋಡಿದಳು. ಸೌಟು ಅಂಗಳಕ್ಕೆ ಹೋಗಿ ಬಿತ್ತು.

ಸದ್ದು ಕೇಳಿ ಪಕ್ಕದ ಮನೆಯ ಆನಂದಪ್ಪ ಮೇಷ್ಟರು ಬಂದರು. ನಿವೃತ್ತರಾದ ಮೇಲೆ ಅವರು ಯಾರ ಮನೆಯ ಸದ್ದನ್ನೂ ವ್ಯರ್ಥವಾಗಲು ಬಿಡುತ್ತಿರಲಿಲ್ಲ. ಲಕ್ಕಮ್ಮ ಕಂಬಕ್ಕೊರಗಿ ಎಲೆಅಡಿಕೆ ಕುಟ್ಟುತ್ತ ನ್ಯಾಯಾಧೀಶೆಯಾದಳು. ಅವಳಿಗೆ ಎಂಬತ್ತು ದಾಟಿತ್ತು. ಕಿವಿ ಬೇಕಾದಾಗ ಕೇಳಿಸುತ್ತಿತ್ತು.

"ಎಲ್ಡ್ ವರ್ಸದಿಂದ ತಡ್ಕಂಡಿವ್ನಿ ಅತ್ತೆ. ಈವಯ್ಯ ಕುಂತಲ್ಲಿಂದ್ಲೇ ನನ್ನ ಮಡಕೆ ಇಣುಕ್ತಾನೆ," ಎಂದಳು ಸೊಣ್ಣಮ್ಮ.

"ವಾರಕ್ಕೊಂದ್ ದಿನ ಕಣೆ ನಾನ್ ಕೇಳಿದ್ದು," ಎಂದ ಮುನಿರಾಮಯ್ಯ. "ಭಾನುವಾರ ಒಂದು. ಕೈ ಸುಮ್ಕಿದ್ದು ಸುಮ್ಕಿದ್ದು ಜೋಮ್ ಹಿಡಿತೈತೆ. ನಾನೇನ್ ಅಡಿಗೆ ಬರ್ದೋನಾ? ಸರ್ಟಿಪಿಕೇಟ್ ಐತೆ."

ಟ್ರಂಕಿನಿಂದ ಚೀಟಿ ಬಂತು. ಆನಂದಪ್ಪ ಕನ್ನಡಕ ಏರಿಸಿ, ಇಂಗ್ಲಿಷಿನಲ್ಲಿ ಒಂದು ಸಲ ತಮ್ಮ ಸಂತೋಷಕ್ಕೆ ಓದಿ, ಕನ್ನಡದಲ್ಲಿ ಇನ್ನೊಂದು ಸಲ ಊರಿನ ಉಪಯೋಗಕ್ಕೆ ಓದಿದರು. "ಮುನಿರಾಮ್ ಪ್ರಾಮಾಣಿಕ. ಕುಡಿಯುವುದಿಲ್ಲ. ಆತನ ಆಯ್ಸ್ಟರುಗಳಿಗೆ ಮದರಾಸಿನಿಂದ ಈಚೆಗೆ ಸಮನಾದದ್ದು ಇಲ್ಲ." ಚೀಟಿ ಮಡಿಸಿದರು. "ನೋಡ್ರವ್ವಾ, ಸ್ಪಷ್ಟವಾಗಿ ಬರೆದವ್ರೆ."

"ಸರಿ ಮೇಷ್ಟ್ರೇ. ತಿಂದೋರೆಲ್ಲಿ?"

"ದೊರೆ ಗೋರಿಯಲ್ಲಿ, ದೊರೆಸಾನಿ ಲಂಡನ್ನಲ್ಲಿ," ಎಂದರು ಮೇಷ್ಟರು.

"ಅಂಗಾರೆ ಸಾಕ್ಸಿ ಇಲ್ಲ ಅಂತಾಯ್ತು," ಎಂದಳು ಸೊಣ್ಣಮ್ಮ. ಆಮೇಲೆ ಸೆರಗು ಸಿಕ್ಕಿಸಿಕೊಂಡು ಗಂಡನ ಕಡೆ ತಿರುಗಿದಳು. "ಮದ್ವೆ ಆದಾಗ್ಲಿಂದ ಚಿಪ್ಪು ಚಿಪ್ಪು ಅಂತ ನನ್ನ ಕಿವಿ ತೂತು ಮಾಡಿದ್ಯಲ್ಲ, ಅದನ್ನೇ ಮಾಡು. ಇತ್ಲಲ್ಲಿ ಉಣಸೆ ಮರದ್ ಕೆಳ್ಗೆ ಮಾಡು, ನನ್ನ ಒಲೆ ಮೇಲಲ್ಲ. ನಾವು ತಿಂದ್ರೆ ಬಾನ್ವಾರ ನಿಂದು. ತಟ್ಟೇಲಿ ಮಿಕ್ತೋ, ಸಾಯೋ ಗಂಟ ಒಲೆ ತಂಟೆಗೆ ಬರಂಗಿಲ್ಲ. ಏನ್ ಅತ್ತೆ?"

"ಅಂಗೇ ಆಗ್ಲಿ," ಎಂದಳು ಲಕ್ಕಮ್ಮ.

ಮುನಿರಾಮಯ್ಯ ಒಪ್ಪಿದ. ಒಪ್ಪಿದ ಮೇಲೆ ಅವನಿಗೆ ಹೊಳೆಯಿತು, ಕೋಗಿಲಿನಿಂದ ಸಮುದ್ರ ಎರಡು ದಿಕ್ಕಿಗೂ ಇನ್ನೂರು ಮೈಲಿ.

ಆದರೆ ಕೆರೆ ಇತ್ತು. ನೀರು ಇಳಿಯುವ ಆ ತಿಂಗಳಲ್ಲಿ ಅಂಜಿನಮ್ಮ ಎಂಬ ಹೆಂಗಸು ಕೆರೆಯ ಅಂಚಿನ ಕೆಸರಿನಲ್ಲಿ ಮೊಣಕಾಲುದ್ದ ಇಳಿದು ಕಪ್ಪೆಚಿಪ್ಪು ಆಯುತ್ತಿದ್ದಳು. ಚಿಪ್ಪು ಸುಣ್ಣದ ಗೂಡಿಗೆ ಹೋಗುತ್ತಿತ್ತು, ಒಳಗಿನದು ಅವಳ ಮನೆಯ ಸಾರಿಗೆ. ಮುನಿರಾಮಯ್ಯ ದಡದಲ್ಲಿ ನಿಂತು, ಅಂಗೈಯಗಲದವು ಎರಡು ಡಜನ್ ಬೇಕು ಎಂದ.

"ಡಜನ್ ಅಂದ್ರೆ?"

"ಹನ್ನೆರಡು. ಎರಡು ಸಲ."

"ನಿಮ್ಮನೇಲಿ ಸುಣ್ಣ ಒಡೀತಾರಾ ಅಣ್ಣ?"

"ತಿನ್ನೋಕೆ."

ಅಂಜಿನಮ್ಮ ಕೆಸರಿನಲ್ಲೇ ನಿಂತು ಅವನನ್ನು ಮೇಲಿನಿಂದ ಕೆಳಗೆ ನೋಡಿದಳು. ಜಮೀನಿದ್ದವರ ಮನೆಯಲ್ಲಿ ಕಪ್ಪೆಚಿಪ್ಪು ತಿನ್ನುವುದನ್ನು ಅವಳು ಕಂಡಿರಲಿಲ್ಲ. "ಬಡ್ತನ ಬಂದ್ರೆ ಬಾಯ್ಬಿಟ್ಟು ಏಳ್ಬೇಕು ಅಣ್ಣ," ಎಂದು ದೊಡ್ಡದೊಡ್ಡವನ್ನು ಆರಿಸಿಕೊಟ್ಟು, ಸಮಾಧಾನಕ್ಕೆ ನಾಲ್ಕು ಹೆಚ್ಚಿಗೆ ಹಾಕಿದಳು.

ಚಿಪ್ಪುಗಳನ್ನು ಎರಡು ದಿನ ಬಾವಿ ನೀರಿನಲ್ಲಿಟ್ಟು, ಕೆಸರು ಕಕ್ಕಲಿ ಎಂದು ಒಂದು ಹಿಡಿ ರಾಗಿಹಿಟ್ಟು ಉದುರಿಸಿದ. "ಅವಕ್ಕೂ ಇಟ್ಟೇ ಗತಿ," ಎಂದಳು ಲಕ್ಕಮ್ಮ, ಬಗ್ಗಿ ನೋಡಿ. ಯಲಹಂಕದ ಗುಲಾಮ್ ರಸೂಲನ ಬೇಕರಿಯಿಂದ ರಸ್ಕು ಬಂತು. ತೋಟದಿಂದ ದಂಟಿನ ಸೊಪ್ಪು, ಕೊತ್ತಂಬರಿ. ಹಸಿರು ಸಾರಾಯಿಯ ಬದಲಿಗೆ ಸೋಂಪು ಕುಟ್ಟಿ ನೆನೆಸಿದ ನೀರು. ಬಂಗಲೆಯಲ್ಲಿ ಬೆಣ್ಣೆ ಟಿನ್ನಿನಲ್ಲಿ ಬರುತ್ತಿತ್ತು. ಇಲ್ಲಿ ಸೊಣ್ಣಮ್ಮ ಬೆಳಿಗ್ಗೆ ಕಡೆದದ್ದೇ ಇತ್ತು. ಅದನ್ನು ಅವಳು ಮಾತಿಲ್ಲದೆ ತಂದು ಕಟ್ಟೆಯ ಮೇಲೆ ಕುಕ್ಕಿದಳು. ಒಂದು ಸೀಮೆಎಣ್ಣೆ ಡಬ್ಬವನ್ನು ಸುಟ್ಟು ವಾಸನೆ ಕಳೆದು, ಅಡ್ಡ ಮಲಗಿಸಿ, ಕೆಳಗೂ ಮೇಲೂ ಇದ್ದಿಲ ಕೆಂಡ ಹಾಕಿದರೆ ಅದೇ ಒಲೆ.

ಭಾನುವಾರ ಮಧ್ಯಾಹ್ನ ಅವನು ಹಿತ್ತಲ ಹುಣಸೆ ಮರದ ಕೆಳಗೆ ಕೂತ. ಎರಡು ವರ್ಷ ಜಗಲಿಯ ಮೇಲೆ ಮುದುಕನಾಗಿ ಕಾಣುತ್ತಿದ್ದವನು ಅರ್ಧ ಗಂಟೆಯಲ್ಲಿ ಬೇರೆಯೇ ಮನುಷ್ಯನಾದ. ಚಾಕು ಚಿಪ್ಪಿನ ಸಂದಿಗೆ ತಾನೇ ದಾರಿ ಕಂಡುಕೊಂಡಿತು. ಸೊಪ್ಪು ದಾರದ ಹಾಗೆ ಸಣ್ಣಗೆ ಬಿತ್ತು. ಸೊಣ್ಣಮ್ಮ ಹಿತ್ತಲ ಬಾಗಿಲಲ್ಲಿ ನಿಂತು, ನೋಡುತ್ತಿಲ್ಲವೆಂಬಂತೆ ಮೊರದಲ್ಲಿ ಇಲ್ಲದ ರಾಗಿಯನ್ನು ಕೇರುತ್ತಿದ್ದಳು. ಗಂಡ ಕೆಲಸ ಮಾಡುವುದನ್ನು ಅವಳು ನೋಡಿದ್ದು ಅದೇ ಮೊದಲು. ಹದಿನೈದು ದಿನಕ್ಕೊಮ್ಮೆ ಬಂದು ನೆಂಟನ ಹಾಗೆ ಉಂಡು ಹೋಗುತ್ತಿದ್ದವನ ಕೈ ಇಷ್ಟು ಚುರುಕೆಂದು ಅವಳಿಗೆ ಯಾರೂ ಹೇಳಿರಲಿಲ್ಲ. ಅವನೇ ಹೇಳಿದ್ದನ್ನು ಅವಳು ಲೆಕ್ಕಕ್ಕೆ ಹಿಡಿದಿರಲಿಲ್ಲ.

ಅವನು ಟ್ರೇಯಲ್ಲಿ ಉಪ್ಪು ಸುರಿದಾಗ ಮಾತ್ರ ಮೊರ ನಿಂತಿತು.

"ಅಯ್ಯೋ ಅಯ್ಯೋ! ಎರಡು ಸೇರು ಉಪ್ಪು! ಯಾರ್ ತಿಂತಾರದನ್ನ?"

"ಇದು ತಿನ್ನೋಕಲ್ಲ ಕಣೆ. ಚಿಪ್ಪು ಕೂರೋಕೆ ಹಾಸಿಗೆ."

"ಉಪ್ಪಿನ್ ಮೇಲೆ ಮಲಗ್ತವಂತೆ! ನಮ್ಗೆ ಚಾಪೆ."

"ಸೊಪ್ಪಿಗೆ ಎಷ್ಟ್ ಹಾಕ್ದೆ ಉಪ್ಪು?" ಎಂದು ಲಕ್ಕಮ್ಮ ಒಳಗಿನಿಂದಲೇ ಕೇಳಿದಳು. ಈಗ ಕಿವಿ ಕೇಳಿಸುತ್ತಿತ್ತು.

"ಸೊಪ್ಪಿಗೆ ಉಪ್ಪು ಹಾಕಂಗಿಲ್ಲವ್ವಾ. ರೂಲ್ಸು."

ರೂಲ್ಸು ದೊರೆಸಾನಿಯದು. ಮೊದಲ ಸಲ ಮಾಡಿದಾಗ ಅವನು ಎಲ್ಲರ ಹಾಗೆ ಸೊಪ್ಪಿಗೆ ಉಪ್ಪು ಹಾಕಿದ್ದ. ಅವತ್ತು ತಟ್ಟೆಗಳು ತುಂಬಿಕೊಂಡೇ ವಾಪಸು ಬಂದವು, ಹಿಂದೆಯೇ ದೊರೆಸಾನಿಯೂ ಬಂದರು. ಉಪ್ಪು ಕೂಡದು ಮುನಿರಾಮ್, ಎಂದಿಗೂ ಕೂಡದು. ಯಾಕೆ ಎಂದು ಅವರು ಹೇಳಲಿಲ್ಲ, ಇವನು ಕೇಳಲಿಲ್ಲ. ಕೆಳಗೆ ಎರಡು ಸೇರು ಉಪ್ಪು, ಮೇಲೆ ಒಂದು ಹರಳೂ ಇಲ್ಲ. ಇಂಗ್ಲಿಷರ ಎಷ್ಟೋ ವ್ಯವಹಾರ ಹೀಗೆಯೇ ಇರುತ್ತದೆಂದು ಅವನು ಅದನ್ನೂ ಆ ಪಟ್ಟಿಗೆ ಸೇರಿಸಿದ್ದ. ಆಮೇಲೆ ಒಂದು ದಿನವೂ ತಪ್ಪಿರಲಿಲ್ಲ, ಇವತ್ತೂ ತಪ್ಪಲಿಲ್ಲ.

ಡಬ್ಬದಿಂದ ಟ್ರೇ ಹೊರಬಂದಾಗ ಮೇಲಿನ ರಸ್ಕು ಸರಿಯಾಗಿ ಬೆಕ್ಕಿನ ಬೆನ್ನಿನ ಬಣ್ಣಕ್ಕಿತ್ತು. ಬೆಣ್ಣೆ ಅಂಚಿನಲ್ಲಿ ಗುಳ್ಳೆ ಬಿಡುತ್ತಿತ್ತು. ಸೋಂಪು, ಸುಟ್ಟ ರಸ್ಕು, ಬಾಡಿದ ಸೊಪ್ಪು ಎಲ್ಲ ಸೇರಿದ ವಾಸನೆ ಮೂಗಿಗೆ ಬಡಿದಾಗ ಮುನಿರಾಮಯ್ಯ ಒಂದು ಗಳಿಗೆ ಹುಣಸೆ ಮರದ ಕೆಳಗೆ ಇರಲಿಲ್ಲ. ಆಚೆ ಕೋಣೆಯಲ್ಲಿ ಗಾಜಿನ ಲೋಟಗಳ ಸದ್ದು, ಪಿಯಾನೋದ ಮೇಲೆ ಯಾರೋ ಸುಮ್ಮನೆ ಆಡಿಸುವ ಬೆರಳು, ದೊರೆಯ ಕೆಮ್ಮು. ಕಣ್ಣೊರೆಸಿಕೊಂಡ. ಹೊಗೆ ಎಂದ. ಯಾರೂ ಕೇಳಿರಲಿಲ್ಲ.

ನಡುಮನೆಯಲ್ಲಿ ನಾಲ್ಕು ಜನ ಕೂತರು. ಆನಂದಪ್ಪ ಶುಭ್ರವಾದ ಪಂಚೆ ಉಟ್ಟು ಬಂದಿದ್ದರು. ಯಾರೂ ಕೈ ಹಾಕಲಿಲ್ಲ.

"ಮಾಡ್ದೋನು ಮೊದ್ಲು ತಿನ್ಲಿ," ಎಂದಳು ಸೊಣ್ಣಮ್ಮ.

"ನಾನು ತಿನ್ನಂಗಿಲ್ಲ. ಅವ್ವನ ಆಣೆ ಐತೆ."

"ಯಾವ್ ಆಣೆ?" ಎಂದಳು ಲಕ್ಕಮ್ಮ.

ಮುನಿರಾಮಯ್ಯ ತಾಯಿಯನ್ನು ನೋಡಿದ. "ಮುನೇಸ್ವರನ್ ಮುಂದೆ ಮಾಡಿಸ್ದಲ್ಲವ್ವಾ! ದೊರೆ ಒಲೇದು ತಿನ್‌ಬ್ಯಾಡ ಅಂತ!"

"ಅದಾ? ಅದು ಅವತ್ತಿಗೆ ಏಳಿದ್ದು ಕಣ್ಲಾ. ಅಷ್ಟ್ ವರ್ಸ ನಡೆಸ್ದಾ?" ಮುದುಕಿ ಎಲೆಅಡಿಕೆಯನ್ನು ಒಂದು ಕೆನ್ನೆಯಿಂದ ಇನ್ನೊಂದಕ್ಕೆ ಸಾಗಿಸಿದಳು. "ಇದೇನ್ ದೊರೆ ಒಲೆನಾ? ನಮ್ಮ ಸೀಮೆಎಣ್ಣೆ ಡಬ್ಬ. ತಿನ್ನು."

"ಅಂದ್ರೆ ನೀನು ಇದನ್ನ ತಿಂದೇ ಇಲ್ವೇನಯ್ಯಾ?" ಆನಂದಪ್ಪನವರ ಕನ್ನಡಕ ಜಾರಿತು. "ಮೂವತ್ತೊಂದು ವರ್ಷ ಕಥೆ ಹೇಳ್ದಲ್ಲೋ ಮಹರಾಯ!"

ಮುನಿರಾಮಯ್ಯ ಒಂದು ಚಿಪ್ಪು ಎತ್ತಿ ಬಾಯಿಗೆ ಸುರಿದುಕೊಂಡ. ಅಗಿದ. ಇನ್ನೂ ಅಗಿದ. ಮೂರು ಜೊತೆ ಕಣ್ಣುಗಳು ಅವನ ದವಡೆಯ ಜೊತೆ ಮೇಲೆ ಕೆಳಗೆ ಆಡಿದವು.

"ಎಂಗೈತೆ?" ಎಂದಳು ಸೊಣ್ಣಮ್ಮ.

ಅವನಿಗೆ ಗೊತ್ತಾಗಲಿಲ್ಲ. ಹೇಗಿರಬೇಕೆಂದು ಗೊತ್ತಿದ್ದರೆ ತಾನೆ ಹೇಗಿದೆಯೆಂದು ಹೇಳುವುದು? ವಾಸನೆ ಸರಿ, ಬಣ್ಣ ಸರಿ, ನಾಲಗೆಯ ಮೇಲೆ ಮಾತ್ರ ಏನೋ ಒಂದು ಬರಬೇಕಾದದ್ದು ಬರದೆ ದಾರಿಯಲ್ಲೇ ನಿಂತ ಹಾಗಿತ್ತು. "ಇಂಗೇ ಇರ್ತದೆ ಅನ್ಸುತ್ತೆ," ಎಂದ. "ದೊರೆಗಳ ರುಚಿ."

ಆನಂದಪ್ಪ ಒಂದು ತೆಗೆದುಕೊಂಡರು. ಸೊಣ್ಣಮ್ಮ ಒಂದು ತೆಗೆದುಕೊಂಡು ಮೂಸಿ, ಅರ್ಧ ಕಚ್ಚಿ, ನಿಧಾನವಾಗಿ ಅಗಿದಳು. ಆಮೇಲೆ ಉಳಿದರ್ಧವನ್ನು ತಟ್ಟೆಯ ಅಂಚಿಗಿಟ್ಟಳು. ಆ ಅರ್ಧ ಚಿಪ್ಪು ತಟ್ಟೆಗೆ ತಾಗಿದ ಸದ್ದು ಮುನಿರಾಮಯ್ಯನಿಗೆ ಕೇಳಿಸಿತು. ವಾಪಸು ಬರುವ ತಟ್ಟೆಯ ಭಾಷೆ ಅವನಿಗೆ ಬರುತ್ತಿತ್ತು.

"ಸಪ್ಪೆ," ಎಂದಳು.

"ರೂಲ್ಸು ಕಣೆ! ದೊರೆಸಾನಿನೇ ಹೇಳಿದ್ದು, ಉಪ್ಪು..." ಅವನು ಅಲ್ಲೇ ನಿಂತ.

ಮಡಿಲಲ್ಲಿ ಗೋಣಿಚೀಲ, ತೊಡೆಯ ಮೇಲೆ ಜಿನುಗುವ ನೀರು, ಮನೆ ಮುಟ್ಟುವ ಹೊತ್ತಿಗೆ ಪಂಚೆಯ ಮೇಲೆ ಒಣಗಿ ಕೂತ ಬಿಳಿಯ ಪಟ್ಟೆ. ಪ್ರತಿ ವರ್ಷ ಆ ಪಟ್ಟೆಯನ್ನು ಅವನೇ ಒಗೆದು ತೆಗೆಯುತ್ತಿದ್ದ. ಅದು ಉಪ್ಪು. ಚಿಪ್ಪು ಸಮುದ್ರದಿಂದ ತನ್ನ ಉಪ್ಪನ್ನು ತಾನೇ ತರುತ್ತಿತ್ತು. ಟಿನ್ನಿನ ಬೆಣ್ಣೆಯಲ್ಲೂ ಉಪ್ಪಿತ್ತು. ಅದಕ್ಕೇ ದೊರೆಸಾನಿ ಕೂಗಾಡಿದ್ದು. ಒಂದೇ ಒಂದು ಸಲ ನಾಲಗೆಗೆ ಮುಟ್ಟಿಸಿದ್ದರೆ ಆವತ್ತೇ ತಿಳಿಯುತ್ತಿತ್ತು. ಕೋಗಿಲು ಕೆರೆಯ ಚಿಪ್ಪಿಗೆ ಉಪ್ಪು ಎಲ್ಲಿಂದ ಬರಬೇಕು, ಅದು ಕುಡಿದದ್ದು ಮಳೆ ನೀರು, ತಿಂದದ್ದು ರಾಗಿಹಿಟ್ಟು.

ಇದನ್ನೆಲ್ಲ ಅವನು ಬಾಯಿಬಿಟ್ಟು ಹೇಳಿದ. ಹೇಳುವಾಗ ದನಿ ಸಣ್ಣದಾಯಿತು. "ನಂಗೆ ಗೊತ್ತೇ ಇರ್ಲಿಲ್ಲ ಸೊಣ್ಣಿ. ಅಷ್ಟ್ ವರ್ಷ ಮಾಡ್ದೆ. ಯಾಕೆ ಅಂತ ಗೊತ್ತಿರ್ಲಿಲ್ಲ." ಟ್ರೇಯನ್ನು ಅವಳ ಕಡೆ ತಳ್ಳಿದ. "ನನ್ನ ನಾಲ್ಗೆ ಇದ್ರಲ್ಲಿ ಕೂಸು. ಎಷ್ಟು ಬೇಕು, ನೀನ್ ಹಾಕು."

ಸೊಣ್ಣಮ್ಮ ಅವನನ್ನು ನೋಡಿದಳು. ಅವಳಿಗೆ ಅವನು ಏನನ್ನಾದರೂ ಹೀಗೆ ಕೇಳಿದ್ದು ನೆನಪಿರಲಿಲ್ಲ. ಹಾಸಿಗೆಯಾಗಿದ್ದ ಉಪ್ಪಿನಿಂದಲೇ ನಾಲ್ಕು ಹರಳು ತೆಗೆದು, ಅಂಗೈಯಲ್ಲಿ ಹೆಬ್ಬೆರಳಿನಿಂದ ಅರೆದು, ಚಿಪ್ಪುಗಳ ಮೇಲೂ ತಟ್ಟೆಯಲ್ಲಿದ್ದ ಅರ್ಧದ ಮೇಲೂ ಒಂದು ಸುತ್ತು ಉದುರಿಸಿದಳು. ಸ್ವಲ್ಪ ಯೋಚಿಸಿ ಒಳಗೆ ಹೋಗಿ ಒಂದು ನಿಂಬೆಹಣ್ಣಿನ ಹೋಳು ತಂದು ಹಿಂಡಿದಳು. ತಟ್ಟೆಯ ಅಂಚಿನ ಅರ್ಧವನ್ನು ಬಾಯಿಗೆ ಹಾಕಿಕೊಂಡಳು.

"ಈಗ ತಿನ್ನಿ," ಎಂದಳು.

ತಿಂದರು. ಆನಂದಪ್ಪ ಏಳು ತಿಂದು, ಎಂಟನೆಯದಕ್ಕೆ ಕೈ ಹಾಕುವಾಗ ಇಂಗ್ಲಿಷರಲ್ಲಿ ಇದು ಊಟವಲ್ಲ, ಊಟಕ್ಕೆ ಮುಂಚಿನದು ಎಂದು ಮುನಿರಾಮಯ್ಯ ತಿಳಿಸಿದ. "ಹಾಗಾದ್ರೆ ಊಟ ಯಾವಾಗಯ್ಯಾ?" ಎಂದರು ಅವರು. ಹಲ್ಲಿಲ್ಲದ ಲಕ್ಕಮ್ಮ ಒಳಗಿನದನ್ನು ಮಗನಿಗೆ ಕೊಟ್ಟು, ಮೇಲಿನ ಸೊಪ್ಪು ರಸ್ಕನ್ನು ಬೆರಳಿನಿಂದ ಬಳಿದು ಬಳಿದು ತಿಂದಳು. ಮುನಿರಾಮಯ್ಯ ಆರು ತಿಂದ. ದೊರೆ ಯಾಕೆ ಎದ್ದು ಬಂದರೆಂದು ಅವನಿಗೆ ತಿಳಿಯತೊಡಗಿತ್ತು. ಹೇಳೋಣವೆಂದರೆ ಕೇಳಬೇಕಾದವರಲ್ಲಿ ಒಬ್ಬರೂ ಊರಿನಲ್ಲಿರಲಿಲ್ಲ.

ಟ್ರೇಯಲ್ಲಿ ಉಪ್ಪು ಮತ್ತು ಖಾಲಿ ಚಿಪ್ಪು ಉಳಿದವು.

"ಬಾನ್ವಾರ ಮಾಡ್ಕೊ," ಎಂದಳು ಸೊಣ್ಣಮ್ಮ, ತಟ್ಟೆಗಳನ್ನು ಜೋಡಿಸುತ್ತ. "ಆದ್ರೆ ಮಾಡೋವಾಗ ರುಚಿ ನೋಡು. ಮೂಸ್ಕಂಡು ಅಡಿಗೆ ಮಾಡೋನ ಕೈಲಿ ನಾನು ಉಣ್ಣಾಕಿಲ್ಲ."

"ನೋಡ್ತೀನಿ."

"ಊರೋರು ಬಂದ್ರೆ ನೀನೇ ಏಳು, ನಂಗೆ ಕಾಯ್ಲೆ ಇಲ್ಲ ಅಂತ."

ಮುಂದಿನ ಭಾನುವಾರ ಮುನಿರಾಮಯ್ಯ ಕೋಳಿ ಸಾರು ಮಾಡಿದ. ಎಲ್ಲರೂ ಉಂಡರು.